ಪ್ರಚಾರ ಜಾಹೀರಾತಿನ ಸುಳ್ಳು: ಹಿಡಿಯುವವರು ಯಾರು, ಹಿಡಿದರೆ ಆಗುವುದೇನು?

2025ರಲ್ಲಿ ಬಂದ ಎರಡು ಸುದ್ದಿಗಳು ಓದುಗರಲ್ಲಿ ಸಾಕಷ್ಟು ಗೊಂದಲ ಉಳಿಸಿವೆ. ಜನವರಿ 7ರಂದು ಮೆಟಾ ಕಂಪನಿಯು ಅಮೆರಿಕದಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಾಗಿ ನಡೆಸುತ್ತಿದ್ದ ಫ್ಯಾಕ್ಟ್‌ಚೆಕ್ ವ್ಯವಸ್ಥೆಯನ್ನು ಕೈಬಿಡುವುದಾಗಿ ಘೋಷಿಸಿತು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಮೆಟಾ ಮತ್ತು ಗೂಗಲ್ ಎರಡೂ ಐರೋಪ್ಯ ಒಕ್ಕೂಟದ ದೇಶಗಳಲ್ಲಿ ರಾಜಕೀಯ ಜಾಹೀರಾತು ಪಡೆಯುವುದನ್ನೇ ನಿಲ್ಲಿಸಿದವು. ಮೊದಲನೆಯ ಸುದ್ದಿಯನ್ನು ಓದಿದವರಲ್ಲಿ ಹಲವರು ‘ಇನ್ನು ಪಕ್ಷಗಳ ಸುಳ್ಳು ಜಾಹೀರಾತಿಗೆ ಅಡ್ಡಿಯೇ ಇಲ್ಲ’ ಎಂದುಕೊಂಡರು. ಎರಡನೆಯದನ್ನು ಓದಿದವರು ‘ಯುರೋಪು ಸುಳ್ಳನ್ನು ನಿಷೇಧಿಸಿತು’ ಎಂದುಕೊಂಡರು. ಎರಡೂ ತಪ್ಪು ತಿಳಿವಳಿಕೆ.

ಮೆಟಾ 2016ರ ಡಿಸೆಂಬರ್‌ನಲ್ಲಿ ಆರಂಭಿಸಿದ ವ್ಯವಸ್ಥೆಯಲ್ಲಿ ರಾಜಕಾರಣಿಗಳ ಮಾತಿಗೂ ಅವರು ಹಣ ಕೊಟ್ಟು ಹಾಕಿಸುವ ಜಾಹೀರಾತಿಗೂ ವಿನಾಯಿತಿ ಇತ್ತು. ನೆರೆಮನೆಯವರು ಹಂಚಿಕೊಂಡ ಸುಳ್ಳಿಗೆ ‘ತಪ್ಪು ಮಾಹಿತಿ’ ಎಂಬ ಪಟ್ಟಿ ಬೀಳಬಹುದಿತ್ತು. ಅಭ್ಯರ್ಥಿ ಲಕ್ಷಗಟ್ಟಲೆ ಸುರಿದು ಹಬ್ಬಿಸಿದ ಅದೇ ಸುಳ್ಳಿಗೆ ಬೀಳುತ್ತಿರಲಿಲ್ಲ. ಹಾಗಾಗಿ 2025ರಲ್ಲಿ ನಿಂತುಹೋದದ್ದು ಪಕ್ಷಗಳ ಜಾಹೀರಾತಿನ ಪರಿಶೀಲನೆಯಲ್ಲ. ಅಂಥದ್ದೊಂದು ಅಲ್ಲಿ ಇರಲೇ ಇಲ್ಲ.

ಇನ್ನು ಐರೋಪ್ಯ ಒಕ್ಕೂಟದ ನಿಯಮ. 2024/900 ಎಂಬ ಸಂಖ್ಯೆಯ ಈ ಕಾನೂನು 2025ರ ಅಕ್ಟೋಬರ್ 10ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಜಾಹೀರಾತಿಗೆ ಹಣ ಕೊಟ್ಟವರು ಯಾರು, ಎಷ್ಟು ಕೊಟ್ಟರು, ಯಾವ ಚುನಾವಣೆಗಾಗಿ, ಯಾವ ಆಧಾರದ ಮೇಲೆ ಇಂಥವರಿಗೇ ತೋರಿಸಲಾಯಿತು ಎಂಬುದನ್ನೆಲ್ಲ ಬಹಿರಂಗಪಡಿಸಬೇಕು ಎನ್ನುವುದು ಅದರ ತಿರುಳು. ಜಾಹೀರಾತಿನಲ್ಲಿರುವ ಮಾತು ನಿಜವೇ ಎಂದು ಅದು ಕೇಳುವುದಿಲ್ಲ. ಈ ಷರತ್ತುಗಳನ್ನು ಪಾಲಿಸುವುದು ಕಷ್ಟವೆಂದು ಹೇಳಿ ಕಂಪನಿಗಳು ವ್ಯಾಪಾರವನ್ನೇ ಮುಚ್ಚಿದವು.

ಅನುಮತಿ, ಪಾರದರ್ಶಕತೆ, ಸತ್ಯಾಸತ್ಯತೆಯ ಪರಿಶೀಲನೆ. ಈ ಮೂರೂ ಬೇರೆ ಬೇರೆ ಕೆಲಸಗಳು. ಸುದ್ದಿಯಲ್ಲಿ ಅವು ಒಂದರೊಳಗೊಂದು ಕಲಸಿಹೋಗುತ್ತವೆ. ಬಿಡಿಸಿ ನೋಡಿದರೆ ಮೂರನೆಯದನ್ನು ಜಾಹೀರಾತು ಹೊರಬರುವ ಮೊದಲೇ ಮಾಡುವವರು ಜಗತ್ತಿನಲ್ಲಿ ಬಹಳ ಅಪರೂಪ ಎಂಬುದು ಗೊತ್ತಾಗುತ್ತದೆ.

ಸರಕಿಗೊಂದು ನ್ಯಾಯ, ಮತಕ್ಕೊಂದು ನ್ಯಾಯ

ಸೋಪಿನ ಕಂಪನಿಯೊಂದು ತನ್ನ ಸೋಪು ಶೇ 99ರಷ್ಟು ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ಜಾಹೀರಾತು ಕೊಟ್ಟರೆ ಆಧಾರ ಕೇಳುವ ಸಂಸ್ಥೆಗಳು ಹಲವು ದೇಶಗಳಲ್ಲಿವೆ. ಒಂದು ಪಕ್ಷ ತನ್ನ ಆಡಳಿತದಲ್ಲಿ ನಿರುದ್ಯೋಗ ಅರ್ಧಕ್ಕಿಳಿಯಿತು ಎಂದರೆ ಅದೇ ಸಂಸ್ಥೆಗಳಲ್ಲಿ ಹಲವು ಬಾಗಿಲು ಹಾಕಿಕೊಳ್ಳುತ್ತವೆ. ಬ್ರಿಟನ್‌ನ ಜಾಹೀರಾತು ಮಾನದಂಡ ಪ್ರಾಧಿಕಾರದ ನಿಯಮಾವಳಿ ಇದಕ್ಕೆ ಒಳ್ಳೆಯ ಉದಾಹರಣೆ. ಮತದಾರರನ್ನು ಪ್ರಭಾವಿಸುವುದೇ ಮುಖ್ಯ ಉದ್ದೇಶವಾಗಿರುವ ಜಾಹೀರಾತುಗಳನ್ನು 1999ರಲ್ಲಿ ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ದೂರಿನ ತೀರ್ಮಾನ ಬರುವಷ್ಟರಲ್ಲಿ ಮತದಾನ ಮುಗಿದಿರುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಬ್ರಿಟನ್‌ನಲ್ಲಿ ಟಿ.ವಿ. ಮತ್ತು ರೇಡಿಯೊದಲ್ಲಿ ಹಣ ಕೊಟ್ಟು ರಾಜಕೀಯ ಜಾಹೀರಾತು ಹಾಕಿಸಲು ಅವಕಾಶವೇ ಇಲ್ಲ. ಆದರೆ ಗೋಡೆ, ಪತ್ರಿಕೆ, ಅಂತರ್ಜಾಲದಲ್ಲಿ ಹೇಳಿದ್ದಕ್ಕೆ ಪುರಾವೆ ಕೇಳುವವರಿಲ್ಲ.

ಅಮೆರಿಕದ್ದು ಇನ್ನೂ ವಿಚಿತ್ರ. ಅಲ್ಲಿನ ಸಂಪರ್ಕ ಕಾಯ್ದೆಯ 315ನೇ ಸೆಕ್ಷನ್ ಪ್ರಕಾರ, ಅಭ್ಯರ್ಥಿಯ ಜಾಹೀರಾತನ್ನು ಪ್ರಸಾರ ಮಾಡುವ ಟಿ.ವಿ. ಕೇಂದ್ರ ಅದರ ಒಂದು ಪದವನ್ನೂ ತಿದ್ದುವಂತಿಲ್ಲ. ಸುಳ್ಳೆಂದು ಗೊತ್ತಿದ್ದರೂ ಪ್ರಸಾರ ಮಾಡಬೇಕು. ತಿದ್ದುವ ಅಧಿಕಾರವೇ ಇಲ್ಲದ ಮೇಲೆ ಮಾನನಷ್ಟದ ಹೊಣೆಯೂ ಕೇಂದ್ರಕ್ಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1959ರಲ್ಲಿ ಹೇಳಿತು. ಅಭ್ಯರ್ಥಿಯಲ್ಲದ ಹೊರಗಿನ ಗುಂಪುಗಳ ಜಾಹೀರಾತಿಗೆ ಈ ರಕ್ಷಣೆ ಸಿಗುವುದಿಲ್ಲ. ಕೇಬಲ್ ವಾಹಿನಿಗಳಿಗೂ ಈ ಕಟ್ಟುಪಾಡು ಅದೇ ರೀತಿ ಅನ್ವಯಿಸದ ಕಾರಣ 2019ರಲ್ಲಿ ಸಿಎನ್‌ಎನ್ ಟ್ರಂಪ್ ಪ್ರಚಾರ ತಂಡದ ಜಾಹೀರಾತೊಂದನ್ನು ನಿರಾಕರಿಸಿತು. ಫೇಸ್‌ಬುಕ್ ಅದನ್ನು ತೆಗೆಯಲು ಒಪ್ಪಲಿಲ್ಲ. ಒಂದೇ ಜಾಹೀರಾತು, ಒಂದು ಕಡೆ ಪ್ರಸಾರಕ್ಕೆ ಅನರ್ಹ, ಇನ್ನೊಂದು ಕಡೆ ಅರ್ಹ. ನೋಡುಗನಿಗೆ ಈ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಈ ತಾರತಮ್ಯದ ಹಿಂದಿನ ವಾದವನ್ನು ತಳ್ಳಿಹಾಕುವಂತಿಲ್ಲ. ಸೋಪಿನ ಗುಣವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು, ಅಳೆಯುವವರಿಗೆ ಅದರ ಫಲಿತಾಂಶದಲ್ಲಿ ಸ್ವಾರ್ಥ ಇರುವುದಿಲ್ಲ. ರಾಜಕೀಯ ಮಾತನ್ನು ಅಳೆಯುವ ಅಧಿಕಾರ ಸರ್ಕಾರದ ಕೈಗೆ ಹೋದರೆ, ತನ್ನನ್ನು ಟೀಕಿಸಿದ್ದನ್ನೆಲ್ಲ ಸುಳ್ಳೆಂದು ಸಾರುವ ಆಸೆ ಯಾವ ಸರ್ಕಾರಕ್ಕೆ ಹುಟ್ಟುವುದಿಲ್ಲ? ವಿನಾಯಿತಿಗೆ ಆಧಾರವಾಗಿರುವುದು ಈ ಭಯ.

ಪ್ರಮಾಣಪತ್ರ ಯಾವುದಕ್ಕೆ?

ಭಾರತದ ಓದುಗರಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ: ನಮ್ಮಲ್ಲಿ ಜಾಹೀರಾತಿಗೆ ಮೊದಲೇ ಪ್ರಮಾಣಪತ್ರ ಪಡೆಯಬೇಕಲ್ಲವೇ? ಪಡೆಯಬೇಕು. 2004ರ ಏಪ್ರಿಲ್ 13ರ ಸುಪ್ರೀಂ ಕೋರ್ಟ್ ಆದೇಶದ ನಂತರ ಟಿ.ವಿ. ವಾಹಿನಿ ಮತ್ತು ಕೇಬಲ್ ಜಾಲದಲ್ಲಿ ಬರುವ ರಾಜಕೀಯ ಜಾಹೀರಾತಿಗೆ ಪೂರ್ವಾನುಮತಿ ಕಡ್ಡಾಯವಾಯಿತು. ಮುಂದೆ ಚುನಾವಣಾ ಆಯೋಗ ಇದನ್ನು ರೇಡಿಯೊ, ಚಿತ್ರಮಂದಿರ, ಸಾಮಾಜಿಕ ಜಾಲತಾಣಗಳಿಗೂ ವಿಸ್ತರಿಸಿತು. ಪತ್ರಿಕೆಗಳಿಗೆ ಮಾತ್ರ ಮತದಾನದ ದಿನ ಮತ್ತು ಅದರ ಹಿಂದಿನ ದಿನದ ಜಾಹೀರಾತಿಗಷ್ಟೇ ಅನುಮತಿ ಬೇಕು. ಅನುಮತಿ ಕೊಡುವುದು ಜಿಲ್ಲಾ ಮತ್ತು ರಾಜ್ಯ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿ, ಅಂದರೆ ಎಂಸಿಎಂಸಿ.

ಆದರೆ ಸಮಿತಿ ಮುಖ್ಯವಾಗಿ ನೋಡುವುದು ಏನನ್ನು? ಧರ್ಮ, ಜಾತಿಗಳ ಮೇಲೆ ದಾಳಿ ಇದೆಯೇ, ಅಶ್ಲೀಲತೆ ಇದೆಯೇ, ಹಿಂಸೆಗೆ ಪ್ರಚೋದನೆ ಇದೆಯೇ, ನ್ಯಾಯಾಲಯದ ನಿಂದನೆ ಇದೆಯೇ ಎಂಬಂಥ ಸಂಗತಿಗಳನ್ನು. ಜಾಹೀರಾತಿನಲ್ಲಿ ಹೇಳಿದ ಅಂಕಿಯ ಮೂಲ ದಾಖಲೆಯನ್ನು ತರಿಸಿ ತಾಳೆ ನೋಡುವುದು ಅದರ ಕೆಲಸವಲ್ಲ. ಆ ಕೆಲಸಕ್ಕೆ ಬೇಕಾದ ಸಮಯವೂ ಸಿಬ್ಬಂದಿಯೂ ಸಮಿತಿಗಿಲ್ಲ. ಹೀಗಾಗಿ ‘ಸಮಿತಿಯಿಂದ ಪ್ರಮಾಣಿತ’ ಎಂದರೆ ‘ಸತ್ಯ’ ಎಂದಲ್ಲ, ‘ಪ್ರಸಾರಕ್ಕೆ ಕಾನೂನಿನ ಅಡ್ಡಿ ಕಂಡಿಲ್ಲ’ ಎಂದಷ್ಟೇ.

ಶಿಕ್ಷೆಯ ಕಾನೂನಿನಲ್ಲೂ ಇಂಥದ್ದೇ ಒಂದು ಕಿಂಡಿಯಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(4)ನೇ ಸೆಕ್ಷನ್ ಸುಳ್ಳು ಹೇಳಿಕೆಯನ್ನು ಚುನಾವಣಾ ಭ್ರಷ್ಟಾಚಾರ ಎನ್ನುತ್ತದೆ. ಭಾರತೀಯ ನ್ಯಾಯ ಸಂಹಿತೆಯ 175ನೇ ಸೆಕ್ಷನ್ ಅದಕ್ಕೆ ದಂಡ ವಿಧಿಸುತ್ತದೆ. ಎರಡರ ಕೇಂದ್ರದಲ್ಲಿರುವುದೂ ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯ ಮತ್ತು ನಡತೆ. ಎದುರಾಳಿಯ ಖಾಸಗಿ ಬದುಕಿನ ಬಗ್ಗೆ ಕಟ್ಟುಕತೆ ಹೇಳಿದರೆ ಸಿಕ್ಕಿಬೀಳಬಹುದು. ದೇಶದ ಸಾಲ, ಆಸ್ಪತ್ರೆಯ ಹಾಸಿಗೆ, ಬೆಳೆಯ ಬೆಲೆಗಳ ಬಗ್ಗೆ ಸುಳ್ಳು ಹೇಳಿದರೆ ಈ ಸೆಕ್ಷನ್‌ಗಳು ಮುಟ್ಟುವುದಿಲ್ಲ. ಮತದಾರನ ಬದುಕಿಗೆ ತಾಗುವುದು ಎರಡನೆಯ ಬಗೆಯ ಸುಳ್ಳೇ ಎನ್ನುವುದು ಬೇರೆ ಮಾತು.

35 ಕೋಟಿ ಪೌಂಡಿನ ಬಸ್ಸು

ಪರಿಶೀಲಿಸಲು ಒಬ್ಬರು ಸಿದ್ಧರಿದ್ದಾರೆ ಎಂದೇ ಇಟ್ಟುಕೊಳ್ಳೋಣ. ಅವರು ಯಾವುದನ್ನು ಪರಿಶೀಲಿಸಬೇಕು? ‘ನಾಡಿಗೆ ಬೇಕಾದ ನಾಯಕ’ ಎಂಬುದು ಅಭಿಪ್ರಾಯ. ‘ನಾವು ಬಂದರೆ ಬೆಲೆ ಇಳಿಸುತ್ತೇವೆ’ ಎಂಬುದು ಭರವಸೆ. ಇವೆರಡನ್ನೂ ಸತ್ಯ, ಸುಳ್ಳು ಎಂದು ವಿಂಗಡಿಸಲು ಆಗದು. ಅಂಕಿ, ದಿನಾಂಕ, ಸದನದಲ್ಲಿ ಹಾಕಿದ ಮತ, ಸರ್ಕಾರಿ ಆದೇಶ ಇಂಥವು ಮಾತ್ರ ಪರಿಶೀಲನೆಗೆ ಸಿಗುವ ಸಂಗತಿಗಳು. ಜಾಹೀರಾತು ಬರೆಯುವವರಿಗೂ ಇದು ಚೆನ್ನಾಗಿ ಗೊತ್ತು. ಆದ್ದರಿಂದ ನುರಿತವರು ಹಸಿ ಸುಳ್ಳನ್ನು ಬರೆಯುವುದಿಲ್ಲ. ನಿಜವಾದ ಅಂಕಿಯನ್ನೇ ಎತ್ತಿಕೊಂಡು ಅದರ ಬಾಲ ಕತ್ತರಿಸುತ್ತಾರೆ.

2016ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ ಬೇಡವೇ ಎಂಬ ಜನಮತಗಣನೆಯಲ್ಲಿ, ಹೊರಬರಬೇಕೆನ್ನುವವರ ಕೆಂಪು ಬಸ್ಸಿನ ಮೇಲೆ ಒಂದು ಸಾಲು ಇತ್ತು: ನಾವು ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತೇವೆ, ಅದರ ಬದಲು ನಮ್ಮ ಆರೋಗ್ಯ ಸೇವೆಗೆ ಹಣ ಕೊಡೋಣ. ಆ ಅಂಕಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಬ್ರಿಟನ್ ಸಲ್ಲಿಸಬೇಕಾದ ಒಟ್ಟು ವಂತಿಗೆಯನ್ನು ವಾರಗಳಿಗೆ ಹಂಚಿದರೆ ಅದರ ಆಸುಪಾಸಿಗೆ ಬರುತ್ತದೆ. ಆದರೆ ಬ್ರಿಟನ್‌ಗೆ 1980ರ ದಶಕದಿಂದ ಒಂದು ರಿಯಾಯಿತಿ ಇತ್ತು, ಅದನ್ನು ಕಳೆದ ನಂತರವೇ ಹಣ ಹೋಗುತ್ತಿತ್ತು. ನಿಜವಾಗಿ ಹೋಗುತ್ತಿದ್ದದ್ದು ವಾರಕ್ಕೆ ಸುಮಾರು 25 ಕೋಟಿ ಪೌಂಡ್. ಅದರಲ್ಲೂ ಒಂದು ಪಾಲು ರೈತರ ಸಹಾಯಧನವಾಗಿ, ಹಿಂದುಳಿದ ಪ್ರದೇಶಗಳ ನೆರವಾಗಿ ಬ್ರಿಟನ್‌ಗೇ ಮರಳುತ್ತಿತ್ತು. ‘ಕಳಿಸುತ್ತೇವೆ’ ಎಂಬ ಒಂದು ಕ್ರಿಯಾಪದದಲ್ಲಿ ಮೋಸ ಅಡಗಿತ್ತು.

ಯುದ್ಧಭೂಮಿಯಲ್ಲಿ ‘ಅಶ್ವತ್ಥಾಮ ಸತ್ತ’ ಎಂದು ಗಟ್ಟಿಯಾಗಿ ಹೇಳಿ, ‘ಆನೆ’ ಎಂಬುದನ್ನು ಶಂಖದ ಸದ್ದಿನಲ್ಲಿ ಮುಳುಗಿಸಿದ ಧರ್ಮರಾಯನ ಮಾತನ್ನು ಇಂದಿನ ಫ್ಯಾಕ್ಟ್‌ಚೆಕ್ ಸಂಸ್ಥೆಗೆ ಕಳಿಸಿದರೆ ಏನು ಉತ್ತರ ಬರುತ್ತಿತ್ತು ಎಂದು ಊಹಿಸಿಕೊಳ್ಳಬಹುದು. ವಾಕ್ಯಕ್ಕೆ ‘ನಿಜ’ ಎಂಬ ಮುದ್ರೆ ಬೀಳುತ್ತಿತ್ತು, ದ್ರೋಣ ಆ ಹೊತ್ತಿಗೆ ಬಿಲ್ಲು ಕೆಳಗಿಟ್ಟಿರುತ್ತಿದ್ದ.

ಬಸ್ಸಿನ ಕತೆಯಲ್ಲಿ ಪರಿಶೀಲನೆ ನಡೆಯಲಿಲ್ಲ ಎನ್ನುವಂತಿಲ್ಲ. ಬ್ರಿಟನ್‌ನ ಅಂಕಿಅಂಶ ಪ್ರಾಧಿಕಾರವೇ ಮತದಾನಕ್ಕೆ ಮೊದಲು, ಇದು ದಾರಿ ತಪ್ಪಿಸುವ ಲೆಕ್ಕ ಎಂದು ಬಹಿರಂಗವಾಗಿ ಹೇಳಿತು. ಬಸ್ಸು ಓಡುತ್ತಲೇ ಇತ್ತು. ‘35 ಅಲ್ಲ, 25’ ಎಂದು ಎದುರಾಳಿಗಳು ವಾದಿಸಿದಷ್ಟೂ, ವಾರಕ್ಕೆ ಕೋಟಿಗಟ್ಟಲೆ ಹಣ ಹೋಗುತ್ತಿದೆ ಎಂಬುದು ಮತ್ತೆ ಮತ್ತೆ ಜನರ ಕಿವಿಗೆ ಬಿತ್ತು. ಆ ಪ್ರಚಾರದ ಮುಖ್ಯ ತಂತ್ರಗಾರ ಡಾಮಿನಿಕ್ ಕಮಿಂಗ್ಸ್, ಆ ಅಂಕಿಯ ಪ್ರಚಾರ ಇಲ್ಲದಿದ್ದರೆ ಗೆಲುವು ದಕ್ಕುತ್ತಿರಲಿಲ್ಲ ಎಂಬ ಅರ್ಥದಲ್ಲಿ ಮುಂದೆ ಬರೆದುಕೊಂಡರು. ಆ ಪ್ರಚಾರದ ಮುಂಚೂಣಿ ನಾಯಕ ಬೋರಿಸ್ ಜಾನ್ಸನ್ ವಿರುದ್ಧ ಖಾಸಗಿ ವ್ಯಕ್ತಿಯೊಬ್ಬರು ಇದೇ ಹೇಳಿಕೆಗಾಗಿ ಹೂಡಿದ ಕ್ರಿಮಿನಲ್ ಪ್ರಕರಣವನ್ನು 2019ರ ಜೂನ್‌ನಲ್ಲಿ ಹೈಕೋರ್ಟ್ ವಜಾ ಮಾಡಿತು.

ಸುಳ್ಳನ್ನು ಬಯಲು ಮಾಡಲು ಸುಳ್ಳನ್ನೇ ತೋರಿಸಬೇಕು

ಜಾಹೀರಾತು ಪರಿಶೀಲನೆ ಒಂದು ಪತ್ರಿಕಾ ಕಸುಬಾಗಿ ಬೆಳೆದದ್ದು ಅಮೆರಿಕದಲ್ಲಿ, 1988ರ ಅಧ್ಯಕ್ಷೀಯ ಚುನಾವಣೆಯ ಕಹಿಯಿಂದ. ಡೆಮಾಕ್ರಟಿಕ್ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಸೇನಾ ಟ್ಯಾಂಕಿನಲ್ಲಿ ಕುಳಿತು ಸುತ್ತುವ ದೃಶ್ಯವನ್ನೇ ಬಳಸಿ ಎದುರಾಳಿ ಜಾರ್ಜ್ ಬುಷ್ ತಂಡ ಮಾಡಿದ ಜಾಹೀರಾತಿನಲ್ಲಿ, ಡುಕಾಕಿಸ್ ಹೆಚ್ಚುಕಡಿಮೆ ಎಲ್ಲ ರಕ್ಷಣಾ ಯೋಜನೆಗಳನ್ನೂ ವಿರೋಧಿಸಿದವರೆಂಬ ಅತಿರೇಕದ ಆರೋಪವಿತ್ತು. ಚುನಾವಣೆ ಮುಗಿದ ಮೇಲೆ, ಇಂಥದ್ದನ್ನು ಸುಮ್ಮನೆ ವರದಿ ಮಾಡಿ ಕೈತೊಳೆದುಕೊಂಡರೆ ಸಾಲದು ಎಂದು ಅಲ್ಲಿನ ಹಿರಿಯ ಅಂಕಣಕಾರ ಡೇವಿಡ್ ಬ್ರೋಡರ್ ಬರೆದರು. 1992ರ ಹೊತ್ತಿಗೆ ಪತ್ರಿಕೆಗಳಲ್ಲೂ ಟಿ.ವಿ.ಯಲ್ಲೂ ‘ಆಡ್‌ವಾಚ್’ ಎಂಬ ವರದಿಗಳು ಬರತೊಡಗಿದವು. ಸಿಎನ್‌ಎನ್‌ಗಾಗಿ ಅವನ್ನು ಮಾಡುತ್ತಿದ್ದ ಬ್ರೂಕ್ಸ್ ಜಾಕ್ಸನ್ 2003ರಲ್ಲಿ ಫ್ಯಾಕ್ಟ್‌ಚೆಕ್ ಡಾಟ್ ಆರ್ಗ್ ಆರಂಭಿಸುವಲ್ಲಿ ಮುಂದಾಳಾದರು.

ಆದರೆ ಬೇಗನೆ ಒಂದು ಇಕ್ಕಟ್ಟು ಎದುರಾಯಿತು. ಟಿ.ವಿ. ವರದಿಗಾರ ಜಾಹೀರಾತನ್ನು ಪರದೆ ತುಂಬ ತೋರಿಸಿ, ಅದರ ಮೇಲೆ ತನ್ನ ದನಿಯಲ್ಲಿ ‘ಇದು ನಿಜವಲ್ಲ’ ಎನ್ನುತ್ತಾನೆ. ನೋಡುಗನ ನೆನಪಿನಲ್ಲಿ ಉಳಿಯುವುದು ಚಿತ್ರ, ಹಿನ್ನೆಲೆ ಸಂಗೀತ, ಟ್ಯಾಂಕು. ದನಿ ಮರೆತುಹೋಗುತ್ತದೆ. ಪಕ್ಷಕ್ಕೆ ಬಿಟ್ಟಿ ಪ್ರಸಾರ ಸಿಕ್ಕಂತಾಯಿತು. ಸಂವಹನ ವಿದ್ವಾಂಸೆ ಕ್ಯಾಥ್ಲೀನ್ ಹಾಲ್ ಜೇಮಿಸನ್ ಇದಕ್ಕೆ ಒಂದು ಪರಿಹಾರ ಸೂಚಿಸಿದರು: ಜಾಹೀರಾತನ್ನು ಇಡೀ ಪರದೆಗೆ ಬಿಡಬೇಡಿ, ಓರೆಯಾದ ಸಣ್ಣ ಚೌಕದೊಳಗೆ ಹಾಕಿ, ಇದು ಇಂಥವರ ಜಾಹೀರಾತು ಎಂಬ ಗುರುತು ಸದಾ ಕಾಣುತ್ತಿರಲಿ, ನಡುವೆ ನಿಲ್ಲಿಸಿ ನಿಲ್ಲಿಸಿ ತಿದ್ದಿ. ಮಾತಿನಷ್ಟೇ ಚೌಕಟ್ಟೂ ಮುಖ್ಯ ಎಂಬ ಈ ತಿಳಿವು ಮೂವತ್ತು ವರ್ಷಕ್ಕೂ ಹಳೆಯದು. ಇಂದಿಗೂ ಎಷ್ಟೋ ವರದಿಗಳ ಶೀರ್ಷಿಕೆಯಲ್ಲಿ ಸುಳ್ಳೇ ದೊಡ್ಡ ಅಕ್ಷರದಲ್ಲಿರುತ್ತದೆ, ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಸಿಕ್ಕಿಸಿಕೊಂಡು.

ತಿದ್ದಿಕೊಂಡರೂ ಮತ ಬದಲಿಸದವರು

ಫ್ಯಾಕ್ಟ್‌ಚೆಕ್‌ನಿಂದ ಉಪಯೋಗ ಇದೆಯೇ ಎಂಬ ಪ್ರಶ್ನೆಗೆ ಸಂಶೋಧಕರು ಕೊಡುವ ಉತ್ತರ ಎರಡು ತುಂಡಾಗಿ ಬರುತ್ತದೆ. ಬ್ರೆಂಡನ್ ನೈಹನ್ ಮತ್ತು ಸಂಗಡಿಗರು 2016ರ ಅಮೆರಿಕ ಚುನಾವಣೆಯ ಸಂದರ್ಭದಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಯಾದ ಅಂಕಿಅಂಶ ತೋರಿಸಿದಾಗ ಟ್ರಂಪ್ ಬೆಂಬಲಿಗರೂ ತಮ್ಮ ತಿಳಿವಳಿಕೆಯನ್ನು ತಿದ್ದಿಕೊಂಡರು. ಟ್ರಂಪ್ ಬಗೆಗಿನ ಒಲವು ಮಾತ್ರ ಕದಲಲಿಲ್ಲ. ಇದರಲ್ಲಿ ಆಶ್ಚರ್ಯಪಡುವಂಥದ್ದು ಕಡಿಮೆ. ಜನ ಪಕ್ಷವನ್ನು ಆರಿಸಿಕೊಳ್ಳುವುದು ಒಂದು ಅಂಕಿಯ ಮೇಲಲ್ಲ; ಅಂಕಿ ಬಿದ್ದುಹೋದರೆ ಬೇರೊಂದು ಕಾರಣ ಇದ್ದೇ ಇರುತ್ತದೆ.

ಹೆಚ್ಚು ಕುತೂಹಲಕರವಾದದ್ದು ನೈಹನ್ ಮತ್ತು ಜೇಸನ್ ರೈಫ್ಲರ್ 2015ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ. ಅವರು ಕೇಳುಗರನ್ನು ಬಿಟ್ಟು ಹೇಳುಗರ ಕಡೆ ತಿರುಗಿದರು. ಅಮೆರಿಕದ ಒಂಬತ್ತು ರಾಜ್ಯಗಳ ಸುಮಾರು 1,200 ಶಾಸಕರನ್ನು ಆರಿಸಿಕೊಂಡು, ಅವರಲ್ಲಿ ಒಂದು ಗುಂಪಿಗೆ ‘ನಿಮ್ಮ ಮಾತುಗಳನ್ನು ಪರಿಶೀಲಿಸುವ ಸಂಸ್ಥೆ ನಿಮ್ಮ ರಾಜ್ಯದಲ್ಲಿದೆ, ಸಿಕ್ಕಿಬಿದ್ದರೆ ಹೆಸರು ಕೆಡುತ್ತದೆ’ ಎಂಬ ಅರ್ಥದ ಪತ್ರಗಳನ್ನು ಕಳಿಸಿದರು. ಆ ಪತ್ರ ಪಡೆದವರ ಹೇಳಿಕೆಗಳು ತಪ್ಪೆಂದು ಗುರುತಾದದ್ದು ಉಳಿದವರಿಗಿಂತ ಕಡಿಮೆ. ನನ್ನ ಓದಿನಲ್ಲಿ ಈ ಇಡೀ ಚರ್ಚೆಯ ಕೀಲಿ ಇಲ್ಲಿದೆ. ಫ್ಯಾಕ್ಟ್‌ಚೆಕ್‌ನ ದೊಡ್ಡ ಪರಿಣಾಮ ಓದುಗನ ಮೇಲಲ್ಲ, ಜಾಹೀರಾತು ಬರೆಯುವವನ ಮೇಲೆ. ರಸ್ತೆಯಲ್ಲಿ ಕ್ಯಾಮೆರಾ ಇದೆಯೆಂದು ತಿಳಿದ ಚಾಲಕ ವೇಗ ಇಳಿಸುವ ಹಾಗೆ. ಆದರೆ ಕ್ಯಾಮೆರಾಕ್ಕೆ ವಾಹನದ ನಂಬರ್ ಕಾಣಬೇಕು. ಯಾರು ಹೇಳಿದರು ಎಂಬುದೇ ತಿಳಿಯದ ಜಾಹೀರಾತಿನಲ್ಲಿ ಹೆಸರು ಕೆಡುವ ಭಯ ಯಾರಿಗೆ?

ತೀರ್ಪುಗಾರನ ಮೇಲೂ ತೀರ್ಪು

ಸುಳ್ಳು ಜಾಹೀರಾತನ್ನು ಕಾನೂನಿನಿಂದಲೇ ತಡೆಯುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ 1985ರ ಚುನಾವಣಾ ಕಾಯ್ದೆಯ 113ನೇ ಸೆಕ್ಷನ್ ಪ್ರಕಾರ, ಸಂಗತಿಯೆಂಬಂತೆ ಹೇಳಿದ ಮಾತು ತಪ್ಪಾಗಿದ್ದು ಗಣನೀಯವಾಗಿ ದಾರಿ ತಪ್ಪಿಸುವಂತಿದ್ದರೆ ಅದು ಅಪರಾಧ. ಚುನಾವಣಾ ಆಯುಕ್ತರು ಅದನ್ನು ಹಿಂತೆಗೆದುಕೊಳ್ಳಲು, ತಿದ್ದುಪಡಿ ಪ್ರಕಟಿಸಲು ಕೇಳಬಹುದು. ಅಭಿಪ್ರಾಯ ಮತ್ತು ಭವಿಷ್ಯದ ಭರವಸೆ ಅದರ ಹೊರಗೆ. ಆಸ್ಟ್ರೇಲಿಯಾದ ರಾಜಧಾನಿ ಪ್ರದೇಶವೂ 2021ರಿಂದ ಇಂಥದ್ದೇ ನಿಯಮ ತಂದಿತು. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2024ರ ನವೆಂಬರ್‌ನಲ್ಲಿ ಮಂಡನೆಯಾದರೂ ಮುಂದೆ ಸಾಗಲಿಲ್ಲ. ನ್ಯೂಜಿಲೆಂಡ್‌ನಲ್ಲಿ ಜಾಹೀರಾತು ಉದ್ಯಮದ್ದೇ ಆದ ಮಾನದಂಡ ಸಂಸ್ಥೆ ಪಕ್ಷಗಳ ಜಾಹೀರಾತಿನ ಮೇಲಿನ ದೂರನ್ನೂ ಆಲಿಸುತ್ತದೆ.

ಅಮೆರಿಕದ ಓಹಾಯೊ ರಾಜ್ಯದಲ್ಲಿ ಅದೇ ಯತ್ನ ಮುರಿದುಬಿತ್ತು. ಅಲ್ಲಿ ಚುನಾವಣೆಯಲ್ಲಿ ಸುಳ್ಳು ಹೇಳುವುದು ಅಪರಾಧವಾಗಿತ್ತು, ಒಂದು ಆಯೋಗ ದೂರು ಕೇಳುತ್ತಿತ್ತು. 2010ರಲ್ಲಿ ಸಂಸದರೊಬ್ಬರ ವಿರುದ್ಧ ಹಾಕಲು ಹೊರಟಿದ್ದ ಜಾಹೀರಾತು ಫಲಕಗಳು ದೂರಿನ ಬೆದರಿಕೆಯಿಂದಲೇ ನಿಂತವು. ಆ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿ, ಕೊನೆಗೆ 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕಾನೂನು ಅಸಾಂವಿಧಾನಿಕ ಎಂದಿತು. ಯಾವುದು ರಾಜಕೀಯ ಸತ್ಯ ಎಂದು ಸರ್ಕಾರ ತೀರ್ಮಾನಿಸುವುದು ಬೇಡ ಎಂಬುದು ಕೆಳ ನ್ಯಾಯಾಲಯದ ಧಾಟಿಯಾಗಿತ್ತು. ಅಲ್ಲಿ ಅನುಭವಕ್ಕೆ ಬಂದ ಒಂದು ಸಂಗತಿ ಬೇರೆಡೆಯೂ ನೆನಪಿಡಬೇಕಾದದ್ದು: ದೂರು ಕೊಡುವುದೇ ಒಂದು ಪ್ರಚಾರತಂತ್ರವಾಗುತ್ತದೆ. ತೀರ್ಪು ಏನೇ ಬರಲಿ, ‘ಎದುರಾಳಿಯ ಮೇಲೆ ಸುಳ್ಳಿನ ವಿಚಾರಣೆ’ ಎಂಬ ತಲೆಬರಹ ಮತದಾನದ ಮುನ್ನ ಸಿಕ್ಕಿದರೆ ಸಾಕು.

ಖಾಸಗಿ ಪರಿಶೀಲಕರಿಗೂ ಪಕ್ಷಪಾತದ ಆರೋಪ ತಪ್ಪಿದ್ದಲ್ಲ. ಯಾವ ಹೇಳಿಕೆಯನ್ನು ಎತ್ತಿಕೊಳ್ಳುವುದು ಎಂಬ ಆಯ್ಕೆಯಲ್ಲಿಯೇ ಒಲವು ನುಸುಳಬಹುದು. ಇದು ನ್ಯಾಯವಾದ ಆಕ್ಷೇಪ. ಅಂತರರಾಷ್ಟ್ರೀಯ ಫ್ಯಾಕ್ಟ್‌ಚೆಕಿಂಗ್ ಜಾಲ 2016ರಲ್ಲಿ ರೂಪಿಸಿದ ನೀತಿಸಂಹಿತೆ ಹಣದ ಮೂಲ, ವಿಧಾನ, ಆಕರಗಳನ್ನೆಲ್ಲ ತೆರೆದಿಡಬೇಕೆನ್ನುವುದು ಇದಕ್ಕಾಗಿಯೇ. ಆದರೆ ವೇಷ ಹಾಕುವವರಿಗೆ ಸಂಹಿತೆ ಯಾತಕ್ಕೆ? 2019ರ ನವೆಂಬರ್ 19ರಂದು ನಾಯಕರ ಟಿ.ವಿ. ಚರ್ಚೆ ನಡೆಯುತ್ತಿದ್ದಾಗ ಬ್ರಿಟನ್‌ನ ಕನ್ಸರ್ವೇಟಿವ್ ಪಕ್ಷ ತನ್ನ ಟ್ವಿಟರ್ ಖಾತೆಯ ಹೆಸರನ್ನೇ ‘ಫ್ಯಾಕ್ಟ್‌ಚೆಕ್‌ಯುಕೆ’ ಎಂದು ಬದಲಿಸಿಕೊಂಡಿತ್ತು.

ಕೋಟೆ ಸೂರೆ ಹೋದ ಮೇಲೆ

ಎಲ್ಲ ವ್ಯವಸ್ಥೆಗಳೂ ಎಡವುವ ಕಲ್ಲು ಸಮಯ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪ್ರಕಟಿಸಿದ ‘ಭ್ರಷ್ಟಾಚಾರದ ದರಪಟ್ಟಿ’ ಜಾಹೀರಾತಿಗೆ ಪುರಾವೆ ಕೊಡಿ ಎಂದು ಆಯೋಗ ಪಕ್ಷದ ರಾಜ್ಯ ಘಟಕಕ್ಕೆ ನೋಟಿಸ್ ಕೊಟ್ಟದ್ದು ಮೇ 6ರಂದು. ಮತದಾನ ಮೇ 10ರಂದು. 2024ರ ಲೋಕಸಭಾ ಚುನಾವಣೆಯಲ್ಲಿ ತೃಣಮೂಲ ಕಾಂಗ್ರೆಸ್ ವಿರುದ್ಧ ಬಿಜೆಪಿ ಕೊಟ್ಟ ಜಾಹೀರಾತುಗಳಿಗೆ ಕಲ್ಕತ್ತ ಹೈಕೋರ್ಟ್ ತಡೆ ಕೊಟ್ಟದ್ದು ಮೇ 20ರಂದು. ಅಂದೇ ಏಳು ಹಂತಗಳಲ್ಲಿ ಐದನೆಯದರ ಮತದಾನ ನಡೆಯುತ್ತಿತ್ತು. ದೂರುಗಳನ್ನು ಸಕಾಲದಲ್ಲಿ ತೀರ್ಮಾನಿಸುವಲ್ಲಿ ಆಯೋಗ ಸಂಪೂರ್ಣ ಸೋತಿದೆ ಎಂದು ಹೈಕೋರ್ಟ್ ಟೀಕಿಸಿತು. ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಮಧ್ಯಪ್ರವೇಶಿಸಲು ಮೇ 27ರಂದು ನಿರಾಕರಿಸಿದಾಗ ಉಳಿದಿದ್ದದ್ದು ಒಂದೇ ಹಂತ. ಜಾಹೀರಾತಿಗೆ ಒಂದು ದಿನ ಸಾಕು, ತೀರ್ಪಿಗೆ ವಾರಗಳು ಬೇಕು. ದಿಡ್ಡಿ ಬಾಗಿಲು ಹಾಕುವ ಹೊತ್ತಿಗೆ ಕೋಟೆ ಸೂರೆಯಾಗಿರುತ್ತದೆ.

ಜಾಹೀರಾತೇ ಮರೆಯಾದಾಗ

ಈಗ ಮತ್ತೆ ಆರಂಭದ ಸುದ್ದಿಗೆ ಬರೋಣ. ಕಂಪನಿಗಳು ರಾಜಕೀಯ ಜಾಹೀರಾತನ್ನೇ ಬಿಟ್ಟರೆ ಸಮಸ್ಯೆ ಬಗೆಹರಿಯಿತಲ್ಲ ಎನ್ನುವವರಿದ್ದಾರೆ. ಟ್ವಿಟರ್ 2019ರ ನವೆಂಬರ್‌ನಲ್ಲಿ ಹಾಗೆಯೇ ಮಾಡಿತ್ತು, ಮಾಲೀಕತ್ವ ಬದಲಾದ ಮೇಲೆ 2023ರ ಜನವರಿಯಲ್ಲಿ ನಿಷೇಧ ಸಡಿಲಿಸಿತು. ಅಂದರೆ ಈ ಬಾಗಿಲು ಕಂಪನಿಯ ಇಷ್ಟದಂತೆ ತೆರೆದು ಮುಚ್ಚುವಂಥದ್ದು, ಮತದಾರನ ಹಕ್ಕೇನಲ್ಲ.

ಇನ್ನೊಂದು ಪರಿಣಾಮ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಣ ಕೊಟ್ಟ ಜಾಹೀರಾತಿಗೆ ಒಂದು ಬಿಲ್ಲು ಇರುತ್ತದೆ. ಬಿಲ್ಲಿನ ಮೇಲೆ ಹೆಸರು, ದಿನಾಂಕ, ಮೊತ್ತ ಇರುತ್ತವೆ. 2018ರಿಂದ ಫೇಸ್‌ಬುಕ್ ಮತ್ತು ಗೂಗಲ್ ಇಡುತ್ತ ಬಂದ ಜಾಹೀರಾತು ಸಂಗ್ರಹಗಳಲ್ಲಿ, ಕೊರತೆಗಳೇನೇ ಇರಲಿ, ಒಂದೇ ಪಕ್ಷ ಒಂದು ಗುಂಪಿಗೆ ಒಂದು ಮಾತು, ಇನ್ನೊಂದು ಗುಂಪಿಗೆ ಇನ್ನೊಂದು ಮಾತು ಹೇಳುತ್ತಿದೆಯೇ ಎಂದು ಪತ್ರಕರ್ತರು ಹುಡುಕಬಹುದಿತ್ತು. ಯುರೋಪಿನಲ್ಲಿ ಹೊಸ ಜಾಹೀರಾತೇ ಇಲ್ಲದ ಮೇಲೆ ಸಂಗ್ರಹಕ್ಕೆ ಹೊಸದೇನೂ ಸೇರುವುದಿಲ್ಲ. ಪ್ರಚಾರ ಮಾತ್ರ ನಿಲ್ಲುವುದಿಲ್ಲ. ಹಣ ಪಕ್ಷದ ಖಾತೆಯಿಂದ ಜನಪ್ರಿಯ ವಿಡಿಯೊ ಮಾಡುವವರ ಕಡೆಗೆ, ಅಭಿಮಾನಿಗಳದೆಂದು ತೋರಿಸಿಕೊಳ್ಳುವ ಪುಟಗಳ ಕಡೆಗೆ, ವಾಟ್ಸ್‌ಆ್ಯಪ್ ಗುಂಪುಗಳ ಕಡೆಗೆ ಹರಿಯುತ್ತದೆ. ಅಲ್ಲಿ ಬಿಲ್ಲೂ ಇಲ್ಲ, ‘ಇದು ಜಾಹೀರಾತು’ ಎಂಬ ಪಟ್ಟಿಯೂ ಇಲ್ಲ.

ಕೃತಕ ಬುದ್ಧಿಮತ್ತೆಯಿಂದ ತಯಾರಾದದ್ದಕ್ಕೆ ಗುರುತು ಹಾಕಬೇಕೆಂಬ ನಿಯಮವನ್ನು ಗೂಗಲ್ 2023ರ ನವೆಂಬರ್‌ನಲ್ಲಿ, ಮೆಟಾ 2024ರ ಆರಂಭದಲ್ಲಿ ರಾಜಕೀಯ ಜಾಹೀರಾತುಗಳಿಗೆ ತಂದವು. ಆ ಗುರುತು ಹೇಳುವುದು ಚಿತ್ರ ಹೇಗೆ ತಯಾರಾಯಿತು ಎಂಬುದನ್ನು ಮಾತ್ರ. ಯಂತ್ರದ ಗಂಧವೂ ಇಲ್ಲದ, ಬಣ್ಣ ಬಳಿದ ಕೆಂಪು ಬಸ್ಸಿಗೆ ಅದು ಅನ್ವಯವಾಗುವುದಿಲ್ಲ.

ಇಷ್ಟರಿಂದ ಪರಿಶೀಲಕರ ದಿನಚರಿಯೇ ಬದಲಾಗುತ್ತದೆ. ಈವರೆಗೆ ಅವರ ಮೊದಲ ಪ್ರಶ್ನೆ ‘ಇದು ನಿಜವೇ’ ಎಂಬುದಾಗಿತ್ತು. ಹೇಳಿದವರು ಯಾರೆಂಬುದು ಜಾಹೀರಾತಿನ ಕೆಳಗೇ ಬರೆದಿರುತ್ತಿತ್ತು, ಫೋನ್ ಮಾಡಿ ಆಧಾರ ಕೇಳಬಹುದಿತ್ತು. ಇನ್ನು ಮುಂದೆ ಫೋನ್ ಮಾಡುವುದು ಯಾರಿಗೆ ಎಂಬುದನ್ನು ಪತ್ತೆ ಮಾಡುವುದರಲ್ಲೇ ಪ್ರಚಾರದ ಅವಧಿಯ ಅರ್ಧ ಕಳೆದಿರುತ್ತದೆ.